ನೆಲ ನಡುಗಿದರೆ ಮಾಳಿಗೆ ನಿಂತೀತೇ?

ರೋಹಿಣಿ ಮಳೆಗೆ ಮೊದಲು ಮಾಳಿಗೆಗೆ ಮಣ್ಣು ಹಾಕುವುದು ನಮ್ಮ ಸೀಮೆಯ ರೈತನ ಹಳೆಯ ಪದ್ಧತಿ. ಹಳ್ಳದ ಆಚೆಯಿಂದ ಕರಲು ಮಣ್ಣನ್ನು ಬಂಡಿಯಲ್ಲಿ ತಂದು, ಬುಟ್ಟಿಬುಟ್ಟಿಯಾಗಿ ಮೇಲಕ್ಕೇರಿಸಿ, ಹರವಿ, ತುಳಿದು ಗಟ್ಟಿ ಮಾಡುತ್ತೇವೆ. ಆ ವರ್ಷ ಮಾಳಿಗೆ ಸೋರುವುದಿಲ್ಲ. ಮರುವರ್ಷ ಮತ್ತೆ ನಾಲ್ಕು ಬುಟ್ಟಿ. ಹಾಕಿದ ಲೆಕ್ಕವನ್ನು ಹೇಳುವವರು ಮನೆಮನೆಯಲ್ಲಿಯೂ ಸಿಕ್ಕುವರು. ತೆಗೆದ ಲೆಕ್ಕವನ್ನು ಹೇಳುವವರು ಒಬ್ಬರೂ ಸಿಕ್ಕಲಾರರು. ರೈತ ಬಾಂಧವರೇ, ಈ ವಾರ ಬೀಜ ಗೊಬ್ಬರಗಳ ಮಾತನ್ನು ಬದಿಗಿಟ್ಟು ಈ ಮಣ್ಣಿನ ವಿಷಯವನ್ನೇ ಎತ್ತಿಕೊಂಡಿದ್ದೇನೆ. ಸಾಲೆಯಲ್ಲಿ ಭೂಗೋಲ ಕಲಿಸುವಾಗ ಭೂಕಂಪದ ಪಾಠ ಬಂದಾಗಲೆಲ್ಲ ನನಗೆ ನೆನಪಾಗುವುದು ಪುಸ್ತಕದ ಚಿತ್ರವಲ್ಲ, ನಮ್ಮ ಮನೆಯ ಮಾಳಿಗೆ.

೧೯೯೩ನೆಯ ಇಸವಿ ಸೆಪ್ಟೆಂಬರ ೩೦. ನಾನಾಗ ಏಳನೆಯ ಇಯತ್ತೆಯ ಹುಡುಗ. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿಯನ್ನು ಕಳಿಸಿ ಊರು ತಡವಾಗಿ ಮಲಗಿತ್ತು. ನಸುಕಿನ ೩ ಗಂಟೆ ೫೬ ನಿಮಿಷಕ್ಕೆ ನೆಲದೊಳಗಿನಿಂದ ಗುಡುಗಿನಂಥ ಸಪ್ಪಳ ಬಂದು ಹಾಸಿಗೆಯೇ ಅಲುಗಿತು. ಜಂತಿಯ ಸಂದಿಯಿಂದ ಮಣ್ಣು ಮುಖದ ಮೇಲೆ ಉದುರಿತು. ಅಪ್ಪ ನಮ್ಮನ್ನೆಲ್ಲ ಎಳೆದುಕೊಂಡು ಅಂಗಳಕ್ಕೆ ಬಂದ. ದನಗಳು ಕಣ್ಣಿ ಹರಿಯುವಂತೆ ಜಗ್ಗುತ್ತಿದ್ದವು. ಮನೆಯ ಮೂಲೆಯೊಂದು ಕೈಬೆರಳು ಹೋಗುವಷ್ಟು ಬಿರಿದಿತ್ತು. ಅದರ ಹೊರತು ನಮ್ಮ ಊರಿಗೆ ಬೇರೆ ಕೇಡು ಆಗಲಿಲ್ಲ. ಬೆಳಗಾದ ಮೇಲೆ ರೇಡಿಯೋದಲ್ಲಿ ಕಿಲ್ಲಾರಿಯ ಹೆಸರು ಬಂತು.

ಕಿಲ್ಲಾರಿ ಇರುವುದು ಲಾತೂರ ಜಿಲ್ಲೆಯಲ್ಲಿ. ಅಕ್ಕಲಕೋಟೆಯಿಂದ ಈಶಾನ್ಯಕ್ಕೆ ನೇರವಾಗಿ ಅಳೆದರೆ ಸುಮಾರು ೭೦ ಕಿಲೋಮೀಟರು. ಲಾತೂರ ಮತ್ತು ಉಸ್ಮಾನಾಬಾದ ಜಿಲ್ಲೆಗಳಲ್ಲಿ ೫೨ ಹಳ್ಳಿಗಳು ನೆಲಸಮವಾದವು. ಸುಮಾರು ಎಂಟು ಸಾವಿರ ಜನ ಸತ್ತರು. ಅವರು ನಮ್ಮ ಹಾಗೆಯೇ ಎರೆ ಹೊಲದಲ್ಲಿ ಜೋಳ ತೊಗರಿ ಬೆಳೆದುಕೊಂಡು, ಕರಿಗಲ್ಲಿನ ಗೋಡೆಯ ಮೇಲೆ ಮಣ್ಣಿನ ಮಾಳಿಗೆ ಹಾಕಿಕೊಂಡು ಇದ್ದವರು.

ಆ ಭೂಕಂಪದ ಪ್ರಮಾಣ ೬.೨. ಈ ಅಂಕಿಯನ್ನು ತಿಳಿಯುವ ರೀತಿ ಹೀಗೆ: ಅಂಕಿ ಒಂದು ಏರಿದರೆ ಹೊರಬೀಳುವ ಶಕ್ತಿ ಸುಮಾರು ೩೨ ಪಟ್ಟು ಹೆಚ್ಚುತ್ತದೆ. ಅದಕ್ಕೆ ನಾಲ್ಕು ವರ್ಷ ಮೊದಲು, ೧೯೮೯ರ ಅಕ್ಟೋಬರ ೧೭ರಂದು, ಅಮೆರಿಕೆಯ ಸಾನ್ ಫ್ರಾನ್ಸಿಸ್ಕೊ ಪಟ್ಟಣದ ಸೀಮೆಯಲ್ಲಿ ೬.೯ ಪ್ರಮಾಣದ ಭೂಕಂಪವಾಯಿತು. ಕಿಲ್ಲಾರಿಯದಕ್ಕಿಂತ ಶಕ್ತಿಯಲ್ಲಿ ಹತ್ತು ಪಟ್ಟಿಗೂ ಮೇಲು. ಲಕ್ಷಗಟ್ಟಲೆ ಜನ ವಾಸಿಸುವ ಆ ಪ್ರದೇಶದಲ್ಲಿ ಸತ್ತವರು ೬೩ ಮಂದಿ. ಅವರಲ್ಲಿಯೂ ೪೨ ಮಂದಿ ಸತ್ತದ್ದು ಎರಡಂತಸ್ತಿನ ಹೆದ್ದಾರಿಯೊಂದು ಕುಸಿದು. ಅಲ್ಲಿ ಅದು ಸಂಜೆಯ ಹೊತ್ತು, ಇಲ್ಲಿ ಎಲ್ಲರೂ ಮಲಗಿದ ಹೊತ್ತು, ಆ ಭೇದವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ೬೩ ಎಲ್ಲಿ, ಎಂಟು ಸಾವಿರ ಎಲ್ಲಿ? ಇಷ್ಟು ಅಂತರ ಹೊತ್ತಿನಿಂದ ಮಾತ್ರ ಬಂದದ್ದಲ್ಲ. ನೆಲ ಬರಿಯ ನಡುಗಿತು. ಜನರನ್ನು ಕೊಂದದ್ದು ತಲೆಯ ಮೇಲಿನ ಮಣ್ಣು ಮತ್ತು ಪಕ್ಕದ ಕಲ್ಲು.

ನೆಲ ನಡುಗುವುದೇಕೆ?

ಭೂಮಿಯ ಮೇಲ್ಪದರು ಒಂದೇ ಅಖಂಡವಾದ ಚಿಪ್ಪಲ್ಲ. ಅದು ಹಲವು ದೊಡ್ಡ ತುಂಡುಗಳಾಗಿ ಒಡೆದಿದೆ. ಈ ತುಂಡುಗಳಿಗೆ ಫಲಕಗಳೆಂದು ಹೆಸರು. ಒಂದೊಂದು ಫಲಕವೂ ಹತ್ತಾರು ಕಿಲೋಮೀಟರುಗಳಿಂದ ನೂರು ಕಿಲೋಮೀಟರಿಗೂ ಮೇಲ್ಪಟ್ಟು ದಪ್ಪ. ಅವುಗಳ ಕೆಳಗೆ ಇರುವುದು ನೀರಿನಂಥ ರಸವೆಂದು ಹಲವರು ತಿಳಿದಿರುತ್ತಾರೆ, ಅದು ತಪ್ಪು. ಕಂಬಾರನ ಕುಲುಮೆಯಲ್ಲಿ ಕೆಂಪಗೆ ಕಾದ ಕುಳವನ್ನು ನೋಡಿರಿ. ಅದು ಕರಗಿರುವುದಿಲ್ಲ, ಆದರೂ ಬಡಿದಂತೆ ಬಾಗುತ್ತದೆ. ಕೆಳಗಿನ ಬಂಡೆಯೂ ಹಾಗೆಯೇ ಕಾದು ಮೆತ್ತಗಾಗಿ ಬಹು ಮೆಲ್ಲಗೆ ಸರಿಯುತ್ತಿದೆ. ಅದರ ಮೇಲಿನ ಫಲಕಗಳೂ ಸರಿಯುತ್ತಿವೆ. ಒಂದು ಕಡೆ ಎರಡು ಫಲಕಗಳು ಅಗಲುತ್ತವೆ. ಒಂದು ಕಡೆ ಒಂದಕ್ಕೊಂದು ಹಾಯುತ್ತವೆ. ಇನ್ನೊಂದು ಕಡೆ ಪಕ್ಕಕ್ಕೆ ಉಜ್ಜಿಕೊಂಡು ಜಾರುತ್ತವೆ. ಲೋಕದ ಬಹುತೇಕ ಭೂಕಂಪಗಳೂ ಜ್ವಾಲಾಮುಖಿಗಳೂ ಈ ಅಂಚುಗಳ ಮೇಲೆಯೇ ಇವೆ.

ನಮ್ಮ ದೇಶವಿರುವ ಫಲಕವು ವರ್ಷಕ್ಕೆ ಸುಮಾರು ಐದು ಸೆಂಟಿಮೀಟರಿನಂತೆ, ಅಂದರೆ ಮೂರು ಬೆರಳಿನಗಲ, ಉತ್ತರಕ್ಕೆ ಸರಿಯುತ್ತಿದೆ. ಸುಮಾರು ಐದು ಕೋಟಿ ವರ್ಷಗಳ ಹಿಂದೆ ಅದು ಏಶಿಯಾ ಖಂಡಕ್ಕೆ ಹೋಗಿ ಹಾಯ್ದಿತು. ಆ ಹಾಯ್ದಾಟದಲ್ಲಿ ಮಡಿಕೆಮಡಿಕೆಯಾಗಿ ಮೇಲೆದ್ದುದೇ ಹಿಮಾಲಯ. ಹಾಯ್ದಾಟ ಇನ್ನೂ ನಿಂತಿಲ್ಲವಾದ್ದರಿಂದ ಹಿಮಾಲಯದ ಬುಡದಲ್ಲಿ ಘೋರ ಭೂಕಂಪಗಳಾಗುತ್ತವೆ. ೧೯೫೦ರ ಆಗಸ್ಟ ೧೫ರಂದು ಅಸಾಮದ ಗಡಿಯಲ್ಲಿ ಆದದ್ದು ೮.೬ ಪ್ರಮಾಣದ್ದು.

ಹಿಮಾಲಯವೇನೋ ಸರಿ, ಸಾವಿರಾರು ಕಿಲೋಮೀಟರು ದಕ್ಷಿಣಕ್ಕಿರುವ ನಮ್ಮ ಎರೆ ಸೀಮೆಗೆ ಏನು ಸಂಬಂಧ ಎಂದು ಕೇಳಬಹುದು. ೧೯೯೩ರಲ್ಲಿ ದೊಡ್ಡ ದೊಡ್ಡ ಪಂಡಿತರೂ ಇದನ್ನೇ ಕೇಳಿಕೊಂಡರು. ಸರ್ಕಾರದ ಭೂಕಂಪ ನಕ್ಷೆಯಲ್ಲಿ ಅಂದು ಕಿಲ್ಲಾರಿಯಿದ್ದುದು ಅತಿ ಕಡಿಮೆ ಭಯದ ಒಂದನೆಯ ವಲಯದಲ್ಲಿ. ಉತ್ತರವನ್ನು ಒಂದು ಉಪಮಾನದಿಂದ ಹೇಳುತ್ತೇನೆ. ಭಾರ ಹೇರಿದ ಬಂಡಿಯ ಮೂಕಿ ಗೋಡೆಗೆ ತಾಗಿ ನಿಂತಿದೆ, ಹಿಂದಿನಿಂದ ನಾಲ್ಕು ಜನ ಬಂಡಿಯನ್ನು ನೂಕುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಒತ್ತಡ ಮೂಕಿಯ ತುದಿಯಲ್ಲಿ ಮಾತ್ರವೇ ಇರುವುದೇ? ಉದ್ದಕ್ಕೂ ಇರುತ್ತದೆ. ಮೂಕಿ ಮುರಿಯುವುದೂ ತುದಿಯಲ್ಲಿಯೇ ಎಂಬ ನಿಯಮವಿಲ್ಲ. ನಡುವೆ ಎಲ್ಲಿ ಹಳೆಯ ಗಂಟೋ ಸೀಳೋ ಇದೆಯೋ ಅಲ್ಲಿ ಮುರಿಯುತ್ತದೆ. ನಮ್ಮ ಫಲಕದ ಒಡಲಿನಲ್ಲಿಯೂ ಅಂಥ ಪುರಾತನ ಸೀಳುಗಳಿವೆ. ಸಾವಿರಾರು ವರ್ಷ ಒತ್ತಡ ಸಹಿಸಿಕೊಂಡು ಬಂದ ಸೀಳು ಒಂದು ದಿನ ಫಕ್ಕನೆ ಜಾರುತ್ತದೆ. ಕಿಲ್ಲಾರಿಯಲ್ಲಿ ಅದು ಜಾರಿದ್ದು ನೆಲದ ಮೇಲಿನಿಂದ ಹತ್ತು ಕಿಲೋಮೀಟರಿನ ಒಳಗೆ. ಆಳ ಕಡಿಮೆಯಾದ್ದರಿಂದ ಮೇಲಿನ ಊರುಗಳಿಗೆ ಏಟು ಬಿರುಸಾಗಿ ತಗಲಿತು. ೨೦೦೨ರಲ್ಲಿ ನಕ್ಷೆಯನ್ನು ತಿದ್ದಿದಾಗ ಒಂದನೆಯ ವಲಯವೆಂಬುದನ್ನೇ ತೆಗೆದುಹಾಕಿದರು. ಕಿಲ್ಲಾರಿಯ ಸುತ್ತಲ ಸೀಮೆಯನ್ನು ಮೂರನೆಯ ವಲಯಕ್ಕೆ ಏರಿಸಿದರು.

ಮುನ್ಸೂಚನೆ ಇರಲಿಲ್ಲವೇ ಎಂದರೆ, ೧೯೯೨ರ ಅಕ್ಟೋಬರದಲ್ಲಿ ಕಿಲ್ಲಾರಿಯಲ್ಲಿ ಸಣ್ಣ ಸಣ್ಣ ನಡುಕಗಳಾಗಿದ್ದವು. ಆದರೆ ಸಣ್ಣ ನಡುಕಗಳಾದಲ್ಲೆಲ್ಲ ದೊಡ್ಡದು ಬರುವುದಿಲ್ಲ. ಇಂಥ ದಿನ ಇಂಥ ಹೊತ್ತಿಗೆ ಭೂಕಂಪವಾದೀತೆಂದು ಹೇಳುವ ವಿದ್ಯೆ ಇಂದಿಗೂ ಯಾರಿಗೂ ಸಾಧಿಸಿಲ್ಲ. ಹೇಳುತ್ತೇನೆಂದು ಬರುವವನು ಪಂಚಾಂಗ ಹಿಡಿದಿರಲಿ, ಮೊಬೈಲು ಹಿಡಿದಿರಲಿ, ಅವನ ಮಾತನ್ನು ನಂಬಬೇಡಿರಿ.

ಕೆರೆಕಟ್ಟೆಗಳ ವಿಷಯವನ್ನೂ ಒಂದು ಮಾತಿನಲ್ಲಿ ಮುಗಿಸುತ್ತೇನೆ. ೧೯೬೭ರ ಡಿಸೆಂಬರ ೧೧ರ ಕೊಯ್ನಾ ಭೂಕಂಪಕ್ಕೆ ಅಲ್ಲಿಯ ಜಲಾಶಯದ ನೀರಿನ ಭಾರ ಮತ್ತು ಇಂಗುವಿಕೆ ಪ್ರೇರಣೆಯಾಯಿತೆಂಬುದನ್ನು ವಿಜ್ಞಾನಿಗಳು ಒಪ್ಪಿದ್ದಾರೆ. ಕಿಲ್ಲಾರಿಗೆ ಸಮೀಪದ ತೇರಣಾ ನದಿಯ ಜಲಾಶಯದ ಮೇಲೂ ಸಂಶಯ ಪಟ್ಟವರುಂಟು, ಆದರೆ ಅದರಲ್ಲಿ ಒಮ್ಮತವಿಲ್ಲ.

ಜ್ವಾಲಾಮುಖಿಯ ಭಯ, ಎರೆಯ ಹುಟ್ಟು

ನೆಲ ನಡುಗಿತೆಂದರೆ ಸಾಕು, "ಸರ್, ಇಲ್ಲೇ ಬೆಂಕಿಯ ಬೆಟ್ಟ ಏಳುತ್ತದಂತೆ, ಹೌದೇ?" ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಮನೆಯಲ್ಲಿ ಹಿರಿಯರು ಆಡಿದ ಮಾತನ್ನೇ ಅವರು ತಂದಿರುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟು: ಬೆಂಕಿ ಬರುವ ಕಾಲ ಆಗಿಹೋಗಿದೆ, ನೀವು ಅದರ ಮೇಲೆಯೇ ಕುಳಿತಿದ್ದೀರಿ.

ಸುಮಾರು ಆರು ಕೋಟಿ ಅರವತ್ತು ಲಕ್ಷ ವರ್ಷಗಳ ಹಿಂದೆ ನಮ್ಮ ಫಲಕವು ಇನ್ನೂ ದಕ್ಷಿಣ ಸಮುದ್ರದಲ್ಲಿ, ಇಂದಿನ ರಿಯೂನಿಯನ್ ದ್ವೀಪವಿರುವ ಎಡೆಯ ಮೇಲೆ ಹಾಯ್ದು ಬರುತ್ತಿದ್ದಾಗ, ನೆಲದ ಬಿರುಕುಗಳಿಂದ ಲಾವಾರಸ ಉಕ್ಕಿ ಹರಿಯಿತು. ಒಮ್ಮೆಯಲ್ಲ, ಲಕ್ಷಾಂತರ ವರ್ಷಗಳ ಕಾಲ ಬಿಟ್ಟುಬಿಟ್ಟು ಹರಿದು, ಪದರಿನ ಮೇಲೆ ಪದರಾಗಿ ಹೆಪ್ಪುಗಟ್ಟಿತು. ಇಂದು ಉಳಿದಿರುವ ಹಾಸು ಸುಮಾರು ಐದು ಲಕ್ಷ ಚದರ ಕಿಲೋಮೀಟರು. ಸಹ್ಯಾದ್ರಿಯ ಕಡೆ ಅದು ಎರಡು ಕಿಲೋಮೀಟರಿಗೂ ಮೇಲ್ಪಟ್ಟು ದಪ್ಪವಾಗಿದ್ದು ಮೂಡಲಿಗೆ ಬಂದಂತೆ ತೆಳುವಾಗುತ್ತದೆ. ಭೂಕಂಪದ ತರುವಾಯ ಕಿಲ್ಲಾರಿಯಲ್ಲಿ ವಿಜ್ಞಾನಿಗಳು ಆಳವಾದ ಬೋರು ಕೊರೆದು ನೋಡಿದಾಗ ಕರಿಗಲ್ಲಿನ ದಪ್ಪ ಸುಮಾರು ೩೪೦ ಮೀಟರು ಇತ್ತು. ಅದರ ಕೆಳಗೆ ಅದಕ್ಕಿಂತ ಬಹಳ ಪುರಾತನವಾದ ಬಂಡೆ ಸಿಕ್ಕಿತು.

ಈ ಪದರುಗಳನ್ನು ನೋಡಲು ಪುಸ್ತಕ ಬೇಡ. ಬಾವಿ ತೋಡಿದವರು ಬಲ್ಲರು: ಕರಿಗಲ್ಲನ್ನು ಒಡೆದು ಇಳಿಯುತ್ತ ಹೋದರೆ ಕೆಲವೆಡೆ ನಡುವೆ ಇಟ್ಟಿಗೆ ಬಣ್ಣದ ಕೆಂಪು ಪಟ್ಟೆಯೊಂದು ಸಿಕ್ಕುತ್ತದೆ, ಅದರ ಕೆಳಗೆ ಮತ್ತೆ ಕರಿಗಲ್ಲು. ಒಂದು ಹರಿವು ಆರಿ, ಅದರ ಮೈ ಗಾಳಿ ಮಳೆಗೆ ಸವೆದು ಮಣ್ಣಾಗಿ, ಆ ಮಣ್ಣಿನ ಮೇಲೆ ಮುಂದಿನ ಹರಿವು ಬಂದು ಕವಿದ ಗುರುತು ಅದು. ಈ ಕರಿಗಲ್ಲೇ ಯುಗಯುಗಾಂತರದಲ್ಲಿ ಪುಡಿಯಾಗಿ ನಮ್ಮ ಎರೆ ಮಣ್ಣಾಯಿತು. ಹಿಂಗಾರಿ ಜೋಳಕ್ಕೆ ಹಸಿ ಹಿಡಿದಿಡುವ ಗುಣ ಅದಕ್ಕೆ ಬಂದದ್ದು ಹೀಗೆ. ಫಲಕವು ಆ ಬೆಂಕಿಯ ಎಡೆಯನ್ನು ಬಿಟ್ಟು ಸಾವಿರಾರು ಕಿಲೋಮೀಟರು ಬಂದುಬಿಟ್ಟಿದೆ. ನಮ್ಮ ದೇಶದಲ್ಲಿ ಉರಿಯುವ ಜ್ವಾಲಾಮುಖಿ ಇರುವುದು ಒಂದೇ, ಅಂದಮಾನದ ಬ್ಯಾರನ್ ದ್ವೀಪದಲ್ಲಿ. ಅಲ್ಲಿ ನಮ್ಮ ಫಲಕದ ಅಂಚು ಪಕ್ಕದ ಫಲಕದ ಕೆಳಗೆ ಇಳಿಯುತ್ತಿದೆ. ಆದ್ದರಿಂದ ಬೆಂಕಿಯ ಬೆಟ್ಟದ ಮಾತನ್ನು ಬಿಡಿ. ನಡುಕದ ಮಾತನ್ನು ಮಾತ್ರ ಬಿಡುವಂತಿಲ್ಲ.

ಎರೆಯ ಇನ್ನೊಂದು ಗುಣವನ್ನೂ ಇಲ್ಲಿಯೇ ಹೇಳಬೇಕು. ಬೇಸಿಗೆಯಲ್ಲಿ ಎರೆ ಹೊಲ ಕಾಲು ಹೋಗುವಷ್ಟು ಬಿರಿಯುತ್ತದೆ. ಮಳೆ ಬಿದ್ದರೆ ಉಬ್ಬಿ ಕೂಡಿಕೊಳ್ಳುತ್ತದೆ. ಇದಕ್ಕೂ ಭೂಕಂಪಕ್ಕೂ ಸಂಬಂಧವಿಲ್ಲ. ಆದರೆ ಎರೆಯ ಮೇಲೆ ಅಡಿಪಾಯ ಹಾಕಿದ ಮನೆಯನ್ನು ಅದು ವರ್ಷವರ್ಷವೂ ಎತ್ತಿ ಇಳಿಸುತ್ತ, ಗೋಡೆಗೆ ಸೀಳು ಬಿಡಿಸುತ್ತದೆ. ಆ ಸೀಳು ಕಂಡರೆ ಹೆದರಿ ಓಡಬೇಕಾಗಿಲ್ಲ, ಆದರೆ ಸಗಣಿ ಸಾರಿಸಿ ಮರೆಯಲೂ ಬಾರದು. ನೆಲ ನಡುಗಿದ ದಿನ ಗೋಡೆ ಮೊದಲು ಬಾಯಿ ಬಿಡುವುದು ಅಲ್ಲಿಯೇ.

ದಪ್ಪ ಗೋಡೆಯ ಮೋಸ

"ಗ್ವಾಡಿ ದಪ್ಪ ಇದ್ದರ ಮನಿ ಗಟ್ಟಿ" ಎಂದು ನಮ್ಮ ಮುತ್ಯಾ ಹೇಳುತ್ತಿದ್ದ. ಕಳ್ಳರಿಗೆ, ಬಿಸಿಲಿಗೆ ಆ ಮಾತು ಸರಿ. ಭೂಕಂಪಕ್ಕೆ ಸರಿಯಲ್ಲ. ನಮ್ಮ ಮೂರಡಿ ಗೋಡೆಯನ್ನು ಒಡೆದು ನೋಡಿದರೆ ಅದು ನಿಜವಾಗಿ ಎರಡು ಗೋಡೆ. ಹೊರಗೊಂದು ಕಲ್ಲಿನ ಮುಖ, ಒಳಗೊಂದು ಕಲ್ಲಿನ ಮುಖ, ನಡುವೆ ಚೂರುಗಲ್ಲು ಮತ್ತು ಕೆಸರು. ಎರಡು ಮುಖಗಳನ್ನು ಹಿಡಿದಿರುವ ಕಲ್ಲು ಒಂದೂ ಇರುವುದಿಲ್ಲ. ನಡುಕ ಬಂದಾಗ ನಡುವಿನ ಚೂರು ಕೆಳಗಿಳಿದು ಬೆಣೆಯಂತೆ ಒತ್ತುತ್ತದೆ. ಹೊರಮುಖ ಓಣಿಗೆ, ಒಳಮುಖ ಮಲಗಿದವರ ಮೇಲೆ ಬೀಳುತ್ತದೆ. ಕಿಲ್ಲಾರಿಯ ಇಕ್ಕಟ್ಟಾದ ಓಣಿಗಳು ಕಲ್ಲಿನಿಂದ ತುಂಬಿ, ಹೊರಗೆ ಓಡುವ ದಾರಿಯೇ ಕಟ್ಟಿತು.

ಇನ್ನು ಮಾಳಿಗೆ. ಬಂಡಿ ಥಟ್ಟನೆ ಹೊರಟರೆ ಅದರಲ್ಲಿ ನಿಂತವನು ಹಿಂದಕ್ಕೆ ಬೀಳುತ್ತಾನೆ. ಕಾಲು ಮುಂದೆ ಹೋಯಿತು, ಮೈಭಾರ ಹಿಂದುಳಿಯಿತು. ನೆಲವು ಅತ್ತಿಂದಿತ್ತ ಸರಿದಾಗ ಮನೆಯ ಬುಡ ನೆಲದೊಡನೆ ಹೋಗುತ್ತದೆ, ಮೇಲಿನ ಭಾರ ಹಿಂದುಳಿದು ಗೋಡೆಯನ್ನು ಜಗ್ಗುತ್ತದೆ. ಭಾರ ಹೆಚ್ಚಿದಷ್ಟೂ ಜಗ್ಗು ಹೆಚ್ಚು. ಎಷ್ಟು ಭಾರವೆಂದು ಲೆಕ್ಕ ಹಾಕೋಣ. ನಾಲ್ಕು ಮೀಟರು ಉದ್ದ, ಮೂರು ಮೀಟರು ಅಗಲದ ಒಂದು ಕೋಣೆ. ಮೇಲೆ ಅರ್ಧ ಮೀಟರು ಮಣ್ಣು. ಒಟ್ಟು ಆರು ಘನ ಮೀಟರು. ಘನ ಮೀಟರಿಗೆ ಸುಮಾರು ೧,೬೦೦ ಕಿಲೋ ಹಿಡಿದರೂ ೯,೬೦೦ ಕಿಲೋ, ಅಂದರೆ ೯೬ ಕ್ವಿಂಟಲು. ತೊಂಬತ್ತಾರು ಚೀಲ ಜೋಳವನ್ನು ಮಾಳಿಗೆಗೇರಿಸಿ ಅದರ ಕೆಳಗೆ ಮಕ್ಕಳನ್ನು ಮಲಗಿಸುವಿರಾ? ಮಣ್ಣೆಂದರೆ ಮಾತ್ರ ಮಲಗಿಸುತ್ತೇವೆ!

ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ೧೯೯೩ರಲ್ಲಿ ಬಿರಿದ ಮೂಲೆಗೆ ಅಪ್ಪ ಕೆಸರು ತುಂಬಿ ಮೇಲೆ ಸಾರಿಸಿದ್ದ. ಅದನ್ನು ನೋಡುತ್ತಲೇ ನಾನು ದೊಡ್ಡವನಾದೆ, ಮಾಸ್ತರಕಿ ಕಲಿತೆ, ಮಕ್ಕಳಿಗೆ ಭೂಕಂಪದ ಪಾಠವನ್ನೂ ಹೇಳಿದೆ. ಮೂಲೆಯನ್ನು ಮಾತ್ರ ಮುಟ್ಟಲಿಲ್ಲ. ೨೦೨೧ರ ಅಕ್ಟೋಬರದಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲೂಕಿನ ಗಡಿಕೇಶ್ವರದಲ್ಲಿ ಮೇಲಿಂದ ಮೇಲೆ ನೆಲ ನಡುಗಿತು. ೧೧ನೆಯ ತಾರೀಖಿನದು ೪.೧ ಪ್ರಮಾಣದ್ದು. ಅಲ್ಲಿಯ ಜನ ಮನೆ ಬಿಟ್ಟು ಹೊರಗೆ ಮಲಗಿದ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಸುಗ್ಗಿ ಮುಗಿದ ಮೇಲೆ ಗೌಂಡಿಯನ್ನು ಕರೆದುಕೊಂಡು ಮಾಳಿಗೆ ಹತ್ತಿದೆ. ಹಾರೆಯಿಂದ ಅಗೆದು ನೋಡಿದರೆ ಎರಡೂವರೆ ಗೇಣು ಮಣ್ಣು. ಬಣ್ಣದ ಮೇಲಿನಿಂದ ಪದರು ಗುರುತಿಸಬಹುದಾಗಿತ್ತು. ಬುಡದ್ದು ಮುತ್ಯಾನ ಕಾಲದ್ದು, ನಡುವಿನದು ಅಪ್ಪನದು, ಮೇಲಿನ ನಾಲ್ಕು ಬೆರಳು ನನ್ನದೇ. ಕೆಳಗಿನ ಎರಡು ಜಂತಿ ಗೆದ್ದಲು ತಿಂದು ಟೊಳ್ಳಾಗಿದ್ದವು.

ಅಪ್ಪ ಕೆಳಗೆ ಕಟ್ಟೆಯ ಮೇಲೆ ಕುಳಿತು, "ಹಾಕಿದ್ದನ್ನು ತೆಗೀತಿ, ಮಳಿ ಬಂದರ ಏನ ಮಾಡ್ತಿ?" ಎಂದ. ಆ ಪ್ರಶ್ನೆಗೆ ಉತ್ತರವಿಲ್ಲದೆ ಮಣ್ಣು ತೆಗೆಯಬಾರದು. ನಾವು ಮಾಡಿದ್ದು ಹೀಗೆ. ಕೆಟ್ಟ ಜಂತಿಗಳನ್ನು ಬದಲಿಸಿ, ಹಲಗೆಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಒಂದರ ಮೇಲೊಂದು ಅಂಚು ಬರುವಂತೆ ಹಾಸಿ, ಅದರ ಮೇಲೆ ಒಂದೇ ಗೇಣು ಮಣ್ಣನ್ನು ಇಳಿಜಾರಾಗಿ ಹರವಿದೆವು. ಭಾರ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಬೇಸಿಗೆಯಲ್ಲಿ ಮನೆ ಮೊದಲಿಗಿಂತ ತುಸು ಕಾಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಸೋರುವುದಿಲ್ಲ.

ಗೋಡೆಗೆ ಕಲ್ಲು ಹಾಯಿಸಿದ್ದೇ ಹೆಚ್ಚು ಕೆಲಸ. ಹೊಸ ಗೋಡೆಯಾದರೆ ಸುಲಭ: ಒಂದೂವರೆ ಅಡಿಗಿಂತ ದಪ್ಪ ಕಟ್ಟಬಾರದು, ಒಳಮುಖದಿಂದ ಹೊರಮುಖದವರೆಗೆ ಹಾಯುವ ಉದ್ದಗಲ್ಲನ್ನು ಪ್ರತಿ ಎರಡಡಿ ಎತ್ತರಕ್ಕೆ, ನಾಲ್ಕು ಅಡಿಗೊಂದರಂತೆ ಇಡಬೇಕು. ಮೂಲೆಗಳಲ್ಲಿಯೂ ಉದ್ದಗಲ್ಲುಗಳಿಂದ ಎರಡು ಗೋಡೆಗಳನ್ನು ಹೆಣೆಯಬೇಕು. ಬಾಗಿಲು ಕಿಟಕಿಗಳ ತಲೆಯ ಮಟ್ಟದಲ್ಲಿ ಮನೆಯ ಸುತ್ತ ಎಲ್ಲ ಗೋಡೆಗಳ ಮೇಲೂ ಕಡಿಯದೆ ಒಂದು ಪಟ್ಟಿ ಹಾಯಬೇಕು. ಅದು ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನದಾದರೆ ಉತ್ತಮ, ಗಟ್ಟಿ ಕಟ್ಟಿಗೆಯದಾದರೂ ನಡೆದೀತು. ಕಣಿಕೆಯ ಸೂಡಿಗೆ ಹಗ್ಗ ಕಟ್ಟಿದಂತೆ ಅದು. ಹಗ್ಗ ಬಿಚ್ಚಿದರೆ ಸೂಡು ಏನಾಗುವುದೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹಳೆಯ ಗೋಡೆಗೆ ನಾವು ಅಲ್ಲಲ್ಲಿ ಒಂದೊಂದೇ ಕಲ್ಲನ್ನು ಮೆಲ್ಲಗೆ ಕಿತ್ತು, ಆಚೆ ಈಚೆ ಹಾಯುವಂತೆ ತೂತು ಮಾಡಿ, ತುದಿ ಬಾಗಿಸಿದ ಸರಳನ್ನಿಟ್ಟು ಕಾಂಕ್ರೀಟು ತುಂಬಿದೆವು. ಕಿಲ್ಲಾರಿಯ ತರುವಾಯ ಮರಾಠವಾಡೆಯ ಹಳ್ಳಿಗಳಲ್ಲಿ ಹಳೆಯ ಮನೆಗಳ ದುರಸ್ತಿಗೆ ತೋರಿಸಿಕೊಟ್ಟ ಉಪಾಯವಿದು. ಒಂದೇ ದಿನ ಹತ್ತು ತೂತು ಮಾಡುವ ಅವಸರ ಬೇಡ; ಒಂದು ಗಟ್ಟಿಯಾದ ಮೇಲೆ ಪಕ್ಕದ್ದು.

ಮಾಳಿಗೆಯ ತೊಲೆಗಳು ಗೋಡೆಯ ಮೇಲೆ ಕೂಡದೆ ಒಳಗಿನ ಕಟ್ಟಿಗೆಯ ಕಂಬಗಳ ಮೇಲೆ ಕೂತಿರುವ ಹಳೆಯ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅಂಥವರು ಕಂಬ ಕಿತ್ತು ಕೋಣೆ ಅಗಲ ಮಾಡುವ ಆಸೆಗೆ ಬೀಳಬಾರದು. ಗೋಡೆ ಬಿದ್ದರೂ ಮಾಳಿಗೆಯನ್ನು ಎತ್ತಿಹಿಡಿಯುವವು ಆ ಕಂಬಗಳೇ. ಕಂಬಕ್ಕೂ ತೊಲೆಗೂ ನಡುವೆ ಓರೆಯಾಗಿ ಒಂದೊಂದು ಕಟ್ಟಿಗೆ ಬಡಿಸಿದರೆ ಇನ್ನೂ ಒಳ್ಳೆಯದು. ನನ್ನನ್ನು ಇವೆಲ್ಲಕ್ಕಿಂತ ಹೆಚ್ಚು ಚಿಂತೆಗೀಡುಮಾಡಿರುವುದು ಈಚಿನ ಹೊಸ ಹುಚ್ಚು. ಮಣ್ಣು ತೆಗೆಯುತ್ತೇವೆಂದು ಹೊರಟು, ಅದೇ ಕೆಸರು ಕಲ್ಲಿನ ಗೋಡೆಯ ಮೇಲೆ ಸಿಮೆಂಟಿನ ಸ್ಲ್ಯಾಬು ಹಾಕಿಸುತ್ತಾರೆ. ಮೇಲೆ ಹೊಸದು, ಕೆಳಗೆ ಹಳೆಯದು. ಗೋಡೆ ಜಾರಿದರೆ ಸ್ಲ್ಯಾಬು ಇಡಿಯಾಗಿ ಬೀಳುತ್ತದೆ, ಕೆಳಗೆ ಸಿಕ್ಕವರನ್ನು ಸಲಿಕೆಯಿಂದ ತೆಗೆಯುವಂತಿಲ್ಲ. ಸ್ಲ್ಯಾಬು ಬೇಕಾದರೆ ಅಡಿಪಾಯದಿಂದಲೇ ಕಟ್ಟಿರಿ. ಅಲ್ಲಿಯವರೆಗೆ ತಗಡು ಹಾಕಿರಿ.

ನಡುಕ ಬಂದ ಗಳಿಗೆಯಲ್ಲಿ ಬಾಗಿಲು ನಾಲ್ಕು ಹೆಜ್ಜೆಯಲ್ಲಿದ್ದರೆ ಹೊರಗೆ ಹೋಗಿ ಬಯಲಲ್ಲಿ ನಿಲ್ಲಿರಿ. ಓಣಿಯಲ್ಲಿ ಗೋಡೆಯ ಪಕ್ಕ ನಿಲ್ಲಬೇಡಿರಿ. ಬಾಗಿಲು ದೂರವಿದ್ದರೆ ಗಟ್ಟಿ ಮಂಚದ ಕೆಳಗೆ ತಲೆ ಮುಚ್ಚಿಕೊಂಡು ಮುದುಡಿರಿ. ನಿಂತಿತೆಂದು ಒಡವೆ ವಸ್ತು ತರಲು ಕೂಡಲೇ ಒಳಗೆ ಹೋಗಬಾರದು. ಹಿಂದಿನಿಂದ ಬರುವ ಸಣ್ಣ ನಡುಕಗಳು ಬಿರಿದ ಗೋಡೆಯನ್ನು ಕೆಡಹುತ್ತವೆ. ಮಲಗುವ ಕೋಣೆಯ ಬಾಗಿಲಿಗೆ ಜೋಳದ ಚೀಲ ಒಟ್ಟುವ ರೂಢಿಯನ್ನು ಇಂದೇ ಬಿಡಬಹುದು, ಅದಕ್ಕೆ ಖರ್ಚಿಲ್ಲ.

ಮಾಳಿಗೆಯ ಮಣ್ಣು ತೆಗೆಯಲು ತಕ್ಕ ಕಾಲವೆಂದರೆ ಯುಗಾದಿಯಿಂದ ರೋಹಿಣಿಯವರೆಗೆ. ಕಣ ಬಿಡುವಾಗಿರುತ್ತದೆ, ಆಳೂ ಸಿಗುತ್ತದೆ. ಒಂದೇ ಬದಿಯಿಂದ ತೆಗೆಯುತ್ತ ಹೋದರೆ ಭಾರ ವಾಲಿ ತೊಲೆ ಜಾರೀತು, ಎರಡೂ ಬದಿಯಿಂದ ಸಮನಾಗಿ ತೆಗೆಯಬೇಕು. ಆ ಹೊತ್ತಿನಲ್ಲಿ ಕೆಳಗೆ ಯಾರೂ ಇರಬಾರದು. ತೆಗೆದ ಮಣ್ಣನ್ನು ಹೊಲಕ್ಕೆ ಹಾಕಬೇಡಿರಿ. ಹಳೆಯ ಮಣ್ಣು ಗೊಬ್ಬರವಾದೀತೆಂದು ನಮ್ಮ ನೆರೆಯವರೊಬ್ಬರು ಎರಡು ಬಂಡಿ ಒಯ್ದು ತೊಗರಿಯ ಸಾಲಿಗೆ ಹರವಿದರು. ಅದು ಕರಲು, ಹುಲ್ಲು ಹುಟ್ಟದಿರಲೆಂದೇ ಹಿರಿಯರು ಅದನ್ನು ಮಾಳಿಗೆಗೆ ಆರಿಸಿದ್ದು. ಅವರ ಹೊಲದ ಆ ಮೂಲೆಯಲ್ಲಿ ಮರುವರ್ಷವೂ ತೊಗರಿ ಏಳಲಿಲ್ಲ. ನಮ್ಮದನ್ನು ನಾವು ಓಣಿಯ ತಗ್ಗಿಗೆ ಸುರಿದೆವು.